ಭೂದೃಶ್ಯ ವಾಸ್ತುಶಿಲ್ಪಿಗೆ ಪರವಾನಗಿ ಏಕೆ ಬೇಕು?

ಉದ್ಯಾನ, ಅಂಗಳದಂಥ ಹೊರಾಂಗಣ ಜಾಗಗಳನ್ನು ವಿನ್ಯಾಸಗೊಳಿಸುವವರೇ ಭೂದೃಶ್ಯ ವಾಸ್ತುಶಿಲ್ಪಿಗಳು. ಗಿಡ ನೆಟ್ಟು ಹುಲ್ಲುಹಾಸು ಬೆಳೆಸುವ ಅವರ ಕೆಲಸಕ್ಕೆ ಸರ್ಕಾರದ ಪರವಾನಗಿ ಏಕೆ ಎಂದು ನೀವು ಕೇಳಿದ್ದೀರಿ. ಮಾತು ಗಿಡಗಳಿಗಷ್ಟೇ ಸೀಮಿತವಾಗಿದ್ದರೆ ನಿಮ್ಮ ಆಕ್ಷೇಪವನ್ನು ನಾನೂ ಒಪ್ಪುತ್ತಿದ್ದೆ. ಆದರೆ ಈ ವೃತ್ತಿಯ ನಿಜವಾದ ಹೊಣೆ ಇರುವುದು ನೆಲದ ಇಳಿಜಾರು, ಮಳೆನೀರಿನ ಹರಿವು ಮತ್ತು ತಡೆಗೋಡೆಗಳಲ್ಲಿ. ತಡೆಗೋಡೆಯ ಹಿಂದೆ ಜಲ್ಲಿ ತುಂಬದೆ, ನೀರು ಹೊರಬರಲು ರಂಧ್ರಗಳನ್ನೂ ಬಿಡದೆ ಕಟ್ಟಿದರೆ, ನೆನೆದ ಮಣ್ಣಿನ ಭಾರಕ್ಕೆ ನಿಂತ ನೀರಿನ ಒತ್ತಡವೂ ಸೇರಿ ಗೋಡೆ ಮುಂದಕ್ಕೆ ವಾಲುತ್ತದೆ. ಅದರ ಕೆಳಗೆ ನಡೆದುಹೋಗುವವರಿಗೆ ವಿನ್ಯಾಸಕಾರರನ್ನು ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಪರವಾನಗಿ ಇರುವುದು ಮುಖ್ಯವಾಗಿ ಅವರಿಗಾಗಿ.

ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ 1953ರಲ್ಲಿ ಮೊದಲು ಈ ಪದ್ಧತಿಯನ್ನು ತಂದಿತು. ಈಗ ಅಲ್ಲಿನ 50 ರಾಜ್ಯಗಳಲ್ಲೂ ಅದು ಜಾರಿಯಲ್ಲಿದೆ. ಸಾಮಾನ್ಯವಾಗಿ ಶಿಕ್ಷಣ ಮತ್ತು ಅನುಭವದ ಜೊತೆಗೆ ಎಲ್‌ಎಆರ್‌ಇ ಎಂಬ, ಭೂದೃಶ್ಯ ವಾಸ್ತುಶಿಲ್ಪಿಗಳ ನೋಂದಣಿಗಾಗಿ ನಡೆಯುವ ನಾಲ್ಕು ಭಾಗಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬ್ರಿಟನ್ನಿನಲ್ಲಿ ಇಂಥ ಕಾನೂನುಬದ್ಧ ಪರವಾನಗಿ ಇಲ್ಲ. ಈ ವೃತ್ತಿಯವರ ಸಂಸ್ಥೆಯಾದ ಲ್ಯಾಂಡ್‌ಸ್ಕೇಪ್ ಇನ್‌ಸ್ಟಿಟ್ಯೂಟ್ ನೀಡುವ ಚಾರ್ಟರ್ಡ್ (ಅರ್ಹತೆ ಪರಿಶೀಲಿಸಿ ಕೊಡುವ) ಸದಸ್ಯತ್ವವೇ ಅರ್ಹತೆಯ ಗುರುತು.

ಕಾನೂನುಗಳಲ್ಲೂ ಎರಡು ಬಗೆಯುಂಟು. ಒಂದು ವೃತ್ತಿಯ ಹೆಸರನ್ನು ಮಾತ್ರ ಕಾಯುತ್ತದೆ, ಅಂದರೆ ಪರವಾನಗಿ ಇಲ್ಲದವರು ಬೇರೆ ಹೆಸರಿನಲ್ಲಿ ಅದೇ ಕೆಲಸವನ್ನು ಮಾಡಬಹುದು. ಇನ್ನೊಂದು ಕೆಲಸವನ್ನೇ ನಿಯಂತ್ರಿಸುತ್ತದೆ. ಮೊದಲನೆಯದು ಸುರಕ್ಷತೆಗೆ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ಹಾಗೆಂದು ತೋಟಗಾರರು ಮತ್ತು ನರ್ಸರಿಯವರ ಬದುಕಿಗೆ ಅಡ್ಡಿಯಾಗಬಾರದೆಂಬ ನಿಮ್ಮ ಕಾಳಜಿ ನ್ಯಾಯವಾದದ್ದೇ. ಅಮೆರಿಕದ ಹಲವು ರಾಜ್ಯಗಳ ಕಾನೂನು ಅವರಿಗೆ ಸ್ಪಷ್ಟ ವಿನಾಯಿತಿ ಕೊಟ್ಟಿದೆ. ನಿಮ್ಮ ಯೋಜನೆಯಲ್ಲಿ ನೆಲದ ಮಟ್ಟ ಬದಲಾಗುವುದಾದರೆ ಮಾತ್ರ, ಒಪ್ಪಂದಕ್ಕೆ ಮೊದಲು ಪರವಾನಗಿ ಮಂಡಳಿಯ ಪಟ್ಟಿಯಲ್ಲಿ ನಿಮ್ಮ ವಾಸ್ತುಶಿಲ್ಪಿಯ ಹೆಸರನ್ನೂ ಪರವಾನಗಿಯ ಅವಧಿಯನ್ನೂ ನೋಡಿಕೊಳ್ಳಿ.