ಟೇಬಲ್ ಬಾಯಿಪಾಠ, ಕೇಸ್ ಬಂದ್ರೆ ಬ್ಲ್ಯಾಂಕ್

ನೀಟ್ ಪಿಜಿ (ಎಂಬಿಬಿಎಸ್ ಆದ್ಮೇಲಿನ ಎಂಟ್ರನ್ಸ್ ಪರೀಕ್ಷೆ) ಹತ್ರ ಬಂದಾಗೆಲ್ಲ ನನ್ನ ಹತ್ರ ಕೌನ್ಸೆಲಿಂಗ್‌ಗೆ ಇದೇ ಕಂಪ್ಲೇಂಟ್ ಬರತ್ತೆ, ಅದಕ್ಕೇ ಬರೀತಿದೀನಿ. ಗುರುತು ಸಿಗೋ ವಿವರ ಬದಲಾಯ್ಸಿದೀನಿ. ಹುಡುಗ ಇಂಟರ್ನ್‌ಶಿಪ್ ಮುಗಿಸಿದೋನು, ಎರಡನೇ ಅಟೆಂಪ್ಟ್. "ಮೇಡಂ, ಮೆಮೊರಿನೇ ಹೋಗಿದೆ, ಏನಾದ್ರೂ ಮಾತ್ರೆ ಬರ್ಕೊಡ್ತೀರಾ" ಅಂದ. ನಿದ್ದೆ, ಊಟ, ಸಾಯೋ ಯೋಚನೆ ಎಲ್ಲ ಕೇಳ್ದೆ, ಅದು ಕೇಳದೆ ನಾನು ಮುಂದಕ್ಕೆ ಹೋಗಲ್ಲ. ನಿದ್ದೆ ಕಮ್ಮಿ, ಅದು ಬಿಟ್ರೆ ಗಾಬರಿ ಪಡೋ ಅಂಥದ್ದಿರ್ಲಿಲ್ಲ.

ಎಲ್ಲಿ ತಪ್ಪಾಗ್ತಿದೆ ತೋರ್ಸು ಅಂದೆ. ಮಾಕ್ ಟೆಸ್ಟಲ್ಲಿ ಕಾರ್ಡಿಯೋಮಯೋಪತಿ (ಹೃದಯದ ಸ್ನಾಯುವಿನ ಕಾಯಿಲೆ) ಪ್ರಶ್ನೆಗಳೆಲ್ಲ ಮೈನಸ್. ಡೈಲೇಟೆಡ್, ಹೈಪರ್‌ಟ್ರೋಫಿಕ್, ರೆಸ್ಟ್ರಿಕ್ಟಿವ್ ಮೂರರ ಟೇಬಲ್ಲೂ ಗಡಗಡ ಒಪ್ಪಿಸ್ದ, ಕಾರಣ, ಎಕೋ (ಹೃದಯದ ಸ್ಕ್ಯಾನ್), ಮರ್ಮರ್ (ಸ್ಟೆತಸ್ಕೋಪಲ್ಲಿ ಕೇಳೋ ಹೆಚ್ಚಿನ ಸದ್ದು) ಒಂದೂ ಬಿಡದೆ.

"ಟೇಬಲ್ ಬಿಡಪ್ಪ, ರಕ್ತಕ್ಕೆ ತೊಂದ್ರೆ ಎಲ್ಲಿ, ಒಳಗೆ ಬರೋಕೋ ಆಚೆ ಹೋಗೋಕೋ?"

ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಡೈಲೇಟೆಡಲ್ಲಿ ಆಚೆ ಹೋಗೋಕೆ ಮೇಡಂ, ಚೇಂಬರ್ ಹಿಗ್ಗಿ ಪಂಪ್ ವೀಕ್, ಇಎಫ್ (ಪ್ರತಿ ಬಡಿತಕ್ಕೆ ಆಚೆ ಹೋಗೋ ರಕ್ತದ ಪಾಲು) ಕಮ್ಮಿ ಅಂದ. ರೆಸ್ಟ್ರಿಕ್ಟಿವಲ್ಲಿ ಗೋಡೆ ಬಿಗಿ, ತುಂಬೋದೇ ಕಷ್ಟ, ಅದಕ್ಕೇ ಮೇಲಿನ ಕೋಣೆ ಏಟ್ರಿಯಮ್ ಎರಡೂ ದೊಡ್ಡದಾಗಿರತ್ತೆ. ಹೈಪರ್‌ಟ್ರೋಫಿಕಲ್ಲಿ ತುಂಬೋದೂ ಕಷ್ಟ, ಸುಮಾರು ಜನಕ್ಕೆ ದಪ್ಪ ಸೆಪ್ಟಮ್ (ಮಧ್ಯದ ಗೋಡೆ) ಆಚೆ ಹೋಗೋ ದಾರಿಗೂ ಅಡ್ಡ, ಒಳಗೆ ರಕ್ತ ಕಮ್ಮಿ ಆದಷ್ಟೂ ಅಡ್ಡ ಜಾಸ್ತಿ, "ಓ ಅದಕ್ಕೇನಾ ವಲ್ಸಾಲ್ವಾ (ಉಸಿರು ಬಿಗಿಹಿಡಿದು ಮುಕ್ಕೋದು) ಮಾಡಿದ್ರೆ, ಎದ್ದು ನಿಂತ್ರೆ ಮರ್ಮರ್ ಜೋರು, ಕುಕ್ಕರಗಾಲಲ್ಲಿ ಕೂತ್ರೆ ಕಮ್ಮಿ!"

ಆಮೇಲೆ ಅವನೇ ಕೇಳ್ದ: "ರೆಸ್ಟ್ರಿಕ್ಟಿವ್ ಗುಂಪಿನ ಅಮೈಲಾಯ್ಡಲ್ಲೂ ಎಕೋದಲ್ಲಿ ಗೋಡೆ ದಪ್ಪಾನೇ ಅಲ್ವಾ, ಅಲ್ಲೇ ನಾನು ಹೈಪರ್‌ಟ್ರೋಫಿಕ್ ಒತ್ತಿದ್ದು." ಇಸಿಜಿ ಏನ್ ಕೊಟ್ಟಿದ್ರು ಅಂದೆ. ಲೋ ವೋಲ್ಟೇಜ್, ಅಂದ್ರೆ ಗೆರೆಗಳು ಚಿಕ್ಕವು. ಯಾಕೆ? "ದಪ್ಪ ಆಗಿರೋದು ಸ್ನಾಯು ಅಲ್ಲ, ಮಧ್ಯೆ ಪ್ರೋಟೀನ್ ಸೇರ್ಕೊಂಡಿರೋದು, ಅದು ಕರೆಂಟ್ ಹುಟ್ಟಿಸಲ್ಲ... ಇದು ನಂಗೆ ಗೊತ್ತಿತ್ತಲ್ಲ ಮೇಡಂ!"

ಆ ಕೊನೇ ಮಾತು ಅವನ ಬಾಯಿಂದಾನೇ ಬರ್ಬೇಕಿತ್ತು. ಪಾಠ ಮಾಡೋದು ಕೌನ್ಸೆಲಿಂಗಾ ಅಂತ ಸಹೋದ್ಯೋಗಿಯೊಬ್ರು ಕೇಳಿದ್ರು. ನಾನೂ ಎಂಬಿಬಿಎಸ್ ಓದಿ ಈ ಕಡೆ ಬಂದೋಳು, ಅದನ್ನ ಬಳಸ್ಬಾರ್ದು ಅಂತ ಎಲ್ಲೂ ಬರೆದಿಲ್ಲ. ಉಸಿರಾಟದ ಎಕ್ಸರ್‌ಸೈಜ್ ಹೇಳ್ಕೊಡ್ಬಹುದಿತ್ತು, ಆದ್ರೆ ಅವನ ಭಯ ಇದ್ದಿದ್ದೇ ಓದೋ ರೀತಿಯಲ್ಲಿ. ಮಾತ್ರೆ ಕೊಟ್ಟಿದ್ರೆ ತಲೇಲೇ ಏನೋ ಕೆಟ್ಟಿದೆ ಅನ್ನೋ ನಂಬಿಕೆ ಇನ್ನೂ ಗಟ್ಟಿ ಆಗ್ತಿತ್ತು ಅಷ್ಟೆ.

ಹೇಳಿದ್ದಿಷ್ಟು: ಹೊಸ ನೋಟ್ಸ್ ಬೇಡ. ತಪ್ಪಾದ ಪ್ರಶ್ನೆಗೆ ಸರಿ ಉತ್ತರ ಕಾಪಿ ಮಾಡ್ಬೇಡ, ತಪ್ಪು ಆಪ್ಷನ್ ಯಾಕೆ ಸರಿ ಅನಿಸ್ತು ಅಂತ ಒಂದು ಸಾಲು ಬರಿ. ಮೂರೂ ಹಾರ್ಟ್ ಚಿತ್ರ ಬರ್ಕೊಂಡು ಬಾಯಿಬಿಟ್ಟು ವಿವರಿಸು, ಕೇಳೋರು ಅಮ್ಮ ಆದ್ರೂ ಪರ್ವಾಗಿಲ್ಲ. ಮಧ್ಯರಾತ್ರಿ ಡಬಲ್ ಸ್ಪೀಡಲ್ಲಿ ವಿಡಿಯೋ ನೋಡೋದು ನಿಲ್ಸು. ಎರಡು ಆಪ್ಷನ್‌ಗೆ ಇಳಿಸಿದ್ಮೇಲೆ ಹೆದರದೆ ಒತ್ತು, ಸರಿಗೆ 4 ಸಿಗತ್ತೆ, ತಪ್ಪಿಗೆ ಹೋಗೋದು 1 ತಾನೇ.

ಮುಂದಿನ ಸಲ ಕನ್‌ಸ್ಟ್ರಿಕ್ಟಿವ್ ಪೆರಿಕಾರ್ಡೈಟಿಸ್ ಹಿಡ್ಕೊಂಡು ಬಂದ, ರೆಸ್ಟ್ರಿಕ್ಟಿವ್ ಜೊತೆ ಕಲಸಿಹೋಗತ್ತೆ ಅಂತ. ನಾನು ಬಾಯಿ ತೆಗೆಯೋ ಮುಂಚೆ ಅವನೇ, "ಬಿಗಿ ಇರೋದು ಸ್ನಾಯುವಿನಲ್ಲಲ್ಲ, ಹೊರಗಿನ ಚೀಲದಲ್ಲಿ, ಅದಕ್ಕೇ ಹೃದಯದ ಸ್ನಾಯು ಹಿಗ್ಗಿದಾಗ ಬಿಡೋ ಬಿಎನ್‌ಪಿ ಅಷ್ಟಾಗಿ ಏರಲ್ಲ, ಟಿಬಿಯಿಂದಲೂ ಇದು ಬರತ್ತೆ, ಮೊದ್ಲು ಟಿಬಿ ಹಿಸ್ಟರಿ ಕೇಳ್ಬೇಕು" ಅಂದ.