ಸಿಟಿಸಿ ಪಕ್ಕ ಬ್ರುಟ್ಟೋ ಇಟ್ಟು ನೋಡ್ಬೇಡಿ

ಪ್ರಶ್ನೆ: ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಸಿಟಿಸಿ (ಕಂಪನಿ ನನಗಂತ ವರ್ಷಕ್ಕೆ ಮಾಡೋ ಒಟ್ಟು ಖರ್ಚು) 18 ಲಕ್ಷ, ಅದ್ರಲ್ಲಿ ಬೇಸಿಕ್ (ಮೂಲ ಸಂಬಳ) 9 ಲಕ್ಷ. ಜರ್ಮನಿಯಿಂದ ವರ್ಷಕ್ಕೆ 60,000 ಯೂರೋ ಆಫರ್ ಬಂದಿದೆ. ದುಬೈಲಿರೋ ಭಾವ "ಅಲ್ಲಿ ಅರ್ಧಕ್ಕರ್ಧ ಟ್ಯಾಕ್ಸ್‌ಗೇ ಹೋಗುತ್ತೆ, ಇಲ್ಲಿ ಟ್ಯಾಕ್ಸೇ ಇಲ್ಲ, ಇಲ್ಲಿಗೇ ಬಾ" ಅಂತಾರೆ. ಹೆಂಡ್ತಿ, 5 ವರ್ಷದ ಮಗಳು ಇದಾರೆ. ಹೇಗೆ ಲೆಕ್ಕ ಹಾಕೋದು?
– ಓದುಗರು, ಬೆಂಗಳೂರು

ಉತ್ತರ: ಮೊದ್ಲು ನಿಮ್ಮ 18 ಲಕ್ಷಾನೇ ಬಿಡಿಸಿ ನೋಡಿ. ಕಂಪನಿ ಕಟ್ಟೋ ಪಿಎಫ್ ಬೇಸಿಕ್‌ನ 12% ಅಂದ್ರೆ 1.08 ಲಕ್ಷ, ಗ್ರಾಚ್ಯುಟಿ 4.81% ಅಂದ್ರೆ ಸುಮಾರು 43 ಸಾವಿರ, ಇವೆರಡೂ ಸಿಟಿಸಿ ಒಳಗೇ ಸೇರಿರುತ್ವೆ. ಆಮೇಲೆ ನಿಮ್ಮ ಪಾಲಿನ ಪಿಎಫ್ ಮತ್ತೆ 1.08 ಲಕ್ಷ, ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ, 2025-26ರ ಹೊಸ ಪದ್ಧತಿ ಪ್ರಕಾರ ಇನ್‌ಕಮ್ ಟ್ಯಾಕ್ಸ್ ಸುಮಾರು 1.2 ಲಕ್ಷ, ಇಷ್ಟೆಲ್ಲಾ ಕಳೆದ್ರೆ ಕೈಗೆ ಬರೋದು ತಿಂಗಳಿಗೆ 1.18 ಲಕ್ಷದ ಆಸುಪಾಸು. ವೇರಿಯಬಲ್ ಪೇ (ಕೆಲಸ ನೋಡಿ ಆಮೇಲೆ ಕೊಡೋ ಹಣ) ಅಂತ ಏನಾದ್ರೂ ಸೇರಿಸಿದ್ರೆ ಇನ್ನೂ ಕಮ್ಮಿ.

ಜರ್ಮನಿಯವರು ಹೇಳೋದು ಬ್ರುಟ್ಟೋ, ಅಂದ್ರೆ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲಾ ಕಳೆಯೋ ಮುಂಚಿನ ಸಂಬಳ. ಅಲ್ಲಿ ಕಂಪನಿ ತನ್ನ ಪಾಲಿನ ಪೆನ್ಷನ್, ಇನ್ಶೂರೆನ್ಸ್ ಹಣ ಕಟ್ಟೋದು ಆ 60,000ದ ಮೇಲೆ, ಅದರೊಳಗಿಂದ ಅಲ್ಲ. ಅದಕ್ಕೇ ಸಿಟಿಸಿ ಜೊತೆ ಅದನ್ನ ಹೋಲಿಸಿದ್ರೆ ಲೆಕ್ಕ ಶುರುವಲ್ಲೇ ತಪ್ಪುತ್ತೆ. ಒಬ್ರೇ ಇದ್ರೆ, ಅಂದ್ರೆ ಟ್ಯಾಕ್ಸ್ ಕ್ಲಾಸ್ 1ರಲ್ಲಿ, ತಿಂಗಳಿಗೆ 3,100ರಿಂದ 3,200 ಯೂರೋ ಕೈಗೆ ಬರುತ್ತೆ. ಹೆಂಡ್ತಿ ಅಲ್ಲೇ ಜೊತೆಗಿದ್ದು ದುಡೀದೇ ಇದ್ರೆ ಕ್ಲಾಸ್ 3 ತಗೋಬಹುದು, ಆಗ ಇನ್ನೂ ಜಾಸ್ತಿ. ಹಾಗಾಗಿ ಭಾವ ಹೇಳೋ ಅರ್ಧಕ್ಕರ್ಧ ಈ ಸಂಬಳಕ್ಕೆ ನಿಜ ಅಲ್ಲ, ಮತ್ತೆ ಕಟ್ ಆಗೋದೆಲ್ಲಾ ಟ್ಯಾಕ್ಸೂ ಅಲ್ಲ, 9.3% ಪೆನ್ಷನ್‌ಗೆ, 7.3% ಪ್ಲಸ್ ಸ್ವಲ್ಪ ಹೆಲ್ತ್ ಇನ್ಶೂರೆನ್ಸ್‌ಗೆ ಹೋಗುತ್ತೆ. ಸರ್ಕಾರಿ ಹೆಲ್ತ್ ಇನ್ಶೂರೆನ್ಸಲ್ಲಿ ದುಡೀದಿರೋ ಹೆಂಡ್ತಿ, ಮಗು ಇಬ್ರೂ ಎಕ್ಸ್‌ಟ್ರಾ ಕಟ್ಟದೇನೇ ಸೇರ್ತಾರೆ (ಅಪ್ಪ ಅಮ್ಮ ಸೇರಲ್ಲ, ಅವ್ರಿಗೆ ಇಲ್ಲೇ ಪಾಲಿಸಿ ಮಾಡ್ಸಿ). ಸರ್ಕಾರಿ ಶಾಲೇಲಿ ಫೀಸಿಲ್ಲ, ಮಗುಗೆ ಅಂತ ಸರ್ಕಾರ ತಿಂಗಳಿಗೆ 250 ಯೂರೋಗಿಂತ ಜಾಸ್ತಿ ಕೊಡುತ್ತೆ.

ದುಬೈಲಿ ಸಂಬಳದ ಮೇಲೆ ಟ್ಯಾಕ್ಸ್ ಇಲ್ಲ, ಅದು ನಿಜ. ಆದ್ರೆ ನಮ್ಮವರಿಗೆ ಅಲ್ಲಿನ ಪೆನ್ಷನ್ನೂ ಇಲ್ಲ, ಕೆಲಸ ಬಿಡುವಾಗ ಸಿಗೋ ಗ್ರಾಚ್ಯುಟಿ ಮೊದಲ 5 ವರ್ಷ ವರ್ಷಕ್ಕೆ 21 ದಿನದ ಬೇಸಿಕ್ ಅಷ್ಟೆ, ಮಗಳಿಗೆ ಪ್ರೈವೇಟ್ ಸ್ಕೂಲೇ ಗತಿ. ಕಂಪನಿ ಫೀಸ್ ಕೊಡುತ್ತಾ, ಬಾಡಿಗೆ ಕೊಡುತ್ತಾ, ಇದನ್ನ ಆಫರ್ ಲೆಟರಲ್ಲೇ ಬರೆಸ್ಕೊಳ್ಳಿ, ಬಾಯಿಮಾತು ನಂಬ್ಬೇಡಿ.

ಮಗಳು ಈಗ ಸ್ಕೂಲಿಗೆ ಸೇರೋ ವಯಸ್ಸು, ಹಾಗಾಗಿ ನಾನಾದ್ರೆ ಜರ್ಮನಿ ಕಡೆಗೇ ಹೇಳ್ತೀನಿ. ಮನೆ ಬಾಡಿಗೆ ಮಾತ್ರ ಊರಿಂದೂರಿಗೆ ತುಂಬಾ ಬದಲಾಗುತ್ತೆ, ಮ್ಯೂನಿಕ್ ಅಂದ್ರೆ ಇನ್ನೂ ಸ್ವಲ್ಪ ಸಂಬಳ ಎಳೆದು ನೋಡಿ.