ಹತ್ತು ಒಳ್ಳೆಯ ಫೋಟೊ ಇವೆ, ಕಥೆ ಎಲ್ಲಿ?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಫೋಟೊಗ್ರಫಿ ಡಿಪ್ಲೊಮಾ ಓದುತ್ತಿದ್ದೇನೆ. ಊರು ಕನಕಪುರದ ಕಡೆ. ಫೋಟೊ ಸ್ಟೋರಿ ಮಾಡಿ ಎಂದು ಅಸೈನ್‌ಮೆಂಟ್ ಕೊಟ್ಟಿದ್ದರು, ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿ ಬಂದೆ. ಹಳದಿ ಗೂಡಿನ ರಾಶಿ, ಗೂಡನ್ನು ಅಲ್ಲಾಡಿಸಿ ನೋಡುವ ರೀಲರ್‌ಗಳ (ಗೂಡಿನಿಂದ ನೂಲು ತೆಗೆಯುವವರ) ಕೈ, ಚೀಲದ ಮೇಲೆ ನಿದ್ದೆ ಹೋದ ರೈತ, ರಾಶಿಯ ಮೇಲೆ ಬಿದ್ದ ಬಿಸಿಲುಕೋಲು, ಎಲ್ಲ ಸಿಕ್ಕಿವೆ. ಆದರೆ ನಮ್ಮ ಮೇಡಂ ‘ಹತ್ತು ಒಳ್ಳೆಯ ಫೋಟೊ ಇವೆ, ಕಥೆ ಇಲ್ಲ’ ಅಂದುಬಿಟ್ಟರು. ಏನು ಕಡಿಮೆಯಾಗಿದೆ? ಕೈತಪ್ಪಿದ ಕ್ಷಣವನ್ನು ಇನ್ನೊಮ್ಮೆ ಮಾಡಿಸಿ ತೆಗೆಯಬಹುದೇ? ಇದಕ್ಕೆಲ್ಲ ದುಬಾರಿ ಲೆನ್ಸ್ ಬೇಕಾಗುತ್ತದೆಯೇ?
– ವಿದ್ಯಾರ್ಥಿನಿ, ಕನಕಪುರ

ಉತ್ತರ: ನೀವು ಕೊಟ್ಟ ಪಟ್ಟಿಯನ್ನು ನೀವೇ ಇನ್ನೊಮ್ಮೆ ಓದಿ. ಜಾಗ ಇದೆ, ಬೆಳಕಿದೆ, ಕೆಲಸ ಇದೆ. ಚೀಲದ ಮೇಲೆ ಮಲಗಿದ ಆ ರೈತ ಯಾವ ಊರಿನವರು, ಎಷ್ಟು ಮೊಟ್ಟೆ ಹುಳ ಮೇಯಿಸಿದ್ದರು, ಯಾವ ರೇಟು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದರು, ಅದು ಸಿಕ್ಕಿತೇ? ಫೋಟೊ ನೋಡುವವರಿಗೆ ಇದು ಗೊತ್ತಾಗುವುದಿಲ್ಲ. ನಿಮಗೂ ಗೊತ್ತಿಲ್ಲ ಅನ್ನಿಸುತ್ತದೆ. ಒಬ್ಬ ಮನುಷ್ಯನಿಗೆ ಏನೋ ಬೇಕಾಗಿದೆ, ಅದು ಸಿಗುತ್ತದೋ ಇಲ್ಲವೋ ತಿಳಿಯದು. ಕಥೆ ಹುಟ್ಟುವುದು ಅಲ್ಲಿ. ಕ್ಯಾಮೆರಾ ಎತ್ತುವ ಮೊದಲು ಅವರ ಪಕ್ಕ ಕುಳಿತು ಮಾತಾಡಬೇಕಿತ್ತು.

ಇನ್ನೊಂದು ತೊಂದರೆ ಕಾಲದ್ದು. ಗೂಡು ಮಾರುಕಟ್ಟೆ ಎಂಬುದು ಸುಮಾರು ಒಂದು ತಿಂಗಳ ದುಡಿಮೆಯ ಕೊನೆಯ ಕೆಲವು ಗಂಟೆ. ನೀವು ಕೊನೆಯ ಅಧ್ಯಾಯಕ್ಕೆ ಮಾತ್ರ ಹೋಗಿದ್ದೀರಿ. ಅದರ ಹಿಂದಿನದೆಲ್ಲ ನಿಮ್ಮ ಊರಿನ ಆಸುಪಾಸಿನಲ್ಲೇ, ಯಾವುದಾದರೂ ಹುಳು ಮನೆಯಲ್ಲಿ ನಡೆಯುತ್ತಿರುತ್ತದೆ. ಪರಿಚಯದ ಒಂದು ಮನೆ ಹಿಡಿಯಿರಿ. ಒಂದೇ ಮನೆ ಸಾಕು.

ಕಥೆ ಕಲಿಯುವವರಿಗೆ ರೇಷ್ಮೆಯಂಥ ವಿಷಯ ಸಿಗುವುದು ಅಪರೂಪ, ಏಕೆಂದರೆ ಅದರೊಳಗೇ ಗಡಿಯಾರವಿದೆ. ಚಾಕಿ ಮರಿ, ಅಂದರೆ ಎಳೆಯ ಹುಳ, ಮನೆಗೆ ಬರುತ್ತದೆ. ಹುಳ ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ಮೇವು ಬಿಟ್ಟು ಪೊರೆ ಕಳಚಿ, ಏಳುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ವಾರವೇ ನಿಮಗೆ ಮುಖ್ಯ. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ದಿನಗಳಲ್ಲೇ ತಿಂದು ಮುಗಿಸುತ್ತದೆ. ಮನೆಯವರಿಗೆ ಹೊತ್ತುಗೊತ್ತಿರುವುದಿಲ್ಲ. ಬೆಳಿಗ್ಗೆ ಸೊಪ್ಪು ಕೊಯ್ಯುವುದು, ಮಧ್ಯಾಹ್ನ ಹಾಕುವುದು, ರಾತ್ರಿ ಎದ್ದು ಮತ್ತೆ ಹಾಕುವುದು. ತೋಟದ ಸೊಪ್ಪು ಸಾಲದೆ ಬಂದರೆ ಪಕ್ಕದವರ ಹತ್ತಿರ ಕೊಳ್ಳಬೇಕು. ಹಾಲುತೊಂಡೆ, ಸಪ್ಪೆ ರೋಗ ಬಂತೋ, ಅಷ್ಟು ದಿನದ ದುಡಿಮೆ ಗುಂಡಿಗೆ ಹೋಯಿತು. ಆಮೇಲೆ ಹುಳ ಮೇಯುವುದು ನಿಲ್ಲಿಸಿ, ಮೈ ಹಳದಿಗೆ ತಿರುಗಿ, ಹಣ್ಣಾಗುತ್ತದೆ. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟಿಗೆ) ಬಿಡಬೇಕು, ತಡ ಮಾಡುವ ಹಾಗಿಲ್ಲ. ಮನೆಮಂದಿಯೆಲ್ಲ ಬಗ್ಗಿ ಕೂರುತ್ತಾರೆ, ಅಕ್ಕಪಕ್ಕದವರೂ ಬರುತ್ತಾರೆ. ಗೂಡು ಬಿಡಿಸಿದ ಮೇಲೂ ನೆಮ್ಮದಿ ಇಲ್ಲ. ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬಂದರೆ ನೂಲು ತುಂಡಾಗುತ್ತದೆ, ರೀಲರ್‌ಗಳು ಕೊಳ್ಳುವುದಿಲ್ಲ. ಹಾಗಾಗಿ ರೇಟು ಬಿದ್ದಿದೆ ಎಂದು ಗೂಡನ್ನು ಮನೆಯಲ್ಲಿ ಇಟ್ಟುಕೊಂಡು ಕಾಯಲು ರೈತನಿಗೆ ಆಗುವುದಿಲ್ಲ. ಇದನ್ನು ತಿಳಿದುಕೊಂಡು ಮಾರುಕಟ್ಟೆಗೆ ಹೋದರೆ, ಹರಾಜಿನ ಹೊತ್ತಿನಲ್ಲಿ ಮೊಬೈಲ್ ನೋಡುತ್ತ ನಿಂತ ರೈತನ ಮುಖದಲ್ಲಿ ನಿಮಗೆ ಬೇರೆಯದೇ ಕಾಣುತ್ತದೆ.

ಹುಳು ಮನೆಗೆ ಹೋಗುವಾಗ ಒಂದೆರಡು ಎಚ್ಚರ. ಸೋಂಕಿನ ಭಯಕ್ಕೆ ಹೊರಗಿನವರನ್ನು ಒಳಗೆ ಬಿಡಲು ಹಿಂದೆಮುಂದೆ ನೋಡುತ್ತಾರೆ, ಅದು ನ್ಯಾಯವೇ. ಚಪ್ಪಲಿ ಹೊರಗೆ ಬಿಡಿ, ಬಾಗಿಲಲ್ಲಿಟ್ಟ ಔಷಧಿ ನೀರಿನಲ್ಲಿ ಕೈಕಾಲು ತೊಳೆಯಿರಿ, ಸೆಂಟ್ ಹಾಕಿಕೊಂಡು ಹೋಗಬೇಡಿ. ಫ್ಲ್ಯಾಶ್ ಬೇಡವೇ ಬೇಡ. ಬಾಗಿಲ ಬೆಳಕಿನಲ್ಲಿ ಐಎಸ್‌ಒ 3200ರವರೆಗೆ ಏರಿಸಿ, ಶಟರ್ 1/125 ಇರಲಿ. ಫೋಟೊದಲ್ಲಿ ಸ್ವಲ್ಪ ಕಾಳು (ಗ್ರೇನ್) ಬಂದರೆ ಬರಲಿ. ತಟ್ಟೆ ತುಂಬ ಬಿಳಿ ಹುಳ ಇದ್ದಾಗ ಕ್ಯಾಮೆರಾದ ಮೀಟರ್ ಮೋಸ ಹೋಗಿ ಫೋಟೊವನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಷರ್ ಅರ್ಧ ಸ್ಟಾಪ್‌ನಿಂದ ಒಂದು ಸ್ಟಾಪ್ ಮೇಲಿಡಿ. ಮೊದಲ ಸಲ ಹೋದಾಗ ಫೋಟೊ ಕಡಿಮೆ ತೆಗೆದು ಸೊಪ್ಪು ಹಾಕಲು ಕೈ ಜೋಡಿಸಿದರೆ ಇನ್ನೂ ಒಳ್ಳೆಯದು. ಮನೆಯ ಹೆಂಗಸರು ನಿಮ್ಮ ಜೊತೆ ಸಲೀಸಾಗಿ ಮಾತಾಡುತ್ತಾರೆ. ಹುಳು ಮನೆಯ ಕೆಲಸದಲ್ಲಿ ದೊಡ್ಡ ಪಾಲು ಅವರದೇ, ಆದರೆ ಮಾರುಕಟ್ಟೆಯಲ್ಲಿ ಅವರು ಕಾಣುವುದು ಕಡಿಮೆ. ನಾನು ನಿಮ್ಮ ಜಾಗದಲ್ಲಿದ್ದರೆ ಈ ಎಳೆಯನ್ನೇ ಹಿಡಿದು ಹೋಗುತ್ತಿದ್ದೆ: ತಿಂಗಳಿಡೀ ಹುಳ ಸಾಕಿದ ಅಮ್ಮ, ಬೆಲೆ ಎಷ್ಟಾಯಿತೆಂದು ತಿಳಿಯಲು ಮನೆಯಲ್ಲಿ ಫೋನ್‌ಗೆ ಕಾಯುವುದು.

ಈ ಬಗೆಯ ಕೆಲಸಕ್ಕೆ ಇವತ್ತಿಗೂ ಮಾದರಿಯಾಗಿರುವುದು ಡಬ್ಲ್ಯು. ಯೂಜೀನ್ ಸ್ಮಿತ್ 1948ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಗೆ ಮಾಡಿದ ‘ಕಂಟ್ರಿ ಡಾಕ್ಟರ್’. ಕೊಲರಾಡೊದ ಕ್ರೆಮ್ಲಿಂಗ್ ಎಂಬ ಸಣ್ಣ ಊರಿನ ವೈದ್ಯ ಅರ್ನೆಸ್ಟ್ ಸಿರಿಯಾನಿಯವರ ಜೊತೆ ಸ್ಮಿತ್ ವಾರಗಟ್ಟಲೆ ಇದ್ದರು. ಅದರಲ್ಲೊಂದು ಚಿತ್ರ: ರಾತ್ರಿ ಎರಡರವರೆಗೆ ನಡೆದ ಶಸ್ತ್ರಚಿಕಿತ್ಸೆ ಮುಗಿಸಿ, ಆಸ್ಪತ್ರೆಯ ಅಡುಗೆಮನೆಯಲ್ಲಿ ಕಾಫಿ ಕಪ್ ಹಿಡಿದು ಒರಗಿ ನಿಂತ ವೈದ್ಯ. ಬಿಡಿಯಾಗಿ ನೋಡಿದರೆ ದಣಿದ ಒಬ್ಬ ಮನುಷ್ಯ, ಅಷ್ಟೆ. ಕುದುರೆ ಒದ್ದು ಹಣೆ ಸೀಳಿದ ಪುಟ್ಟ ಹುಡುಗಿಗೆ ಅದೇ ವೈದ್ಯ ಹೊಲಿಗೆ ಹಾಕುವುದನ್ನು ನೋಡಿ ಇಲ್ಲಿಗೆ ಬಂದವರಿಗೆ ಆ ದಣಿವಿನ ಭಾರ ತಟ್ಟುತ್ತದೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನೂ ಹುಡುಕಿ ನೋಡಿ. ಸಾಮಾನ್ಯ ಜನರ ದಿನನಿತ್ಯವನ್ನು ಅಷ್ಟು ಗೌರವದಿಂದ ಕಂಡ ಕಣ್ಣು ಕಡಿಮೆ.

ತೆಗೆಯುವುದು ಅರ್ಧ ಕೆಲಸ, ಆರಿಸುವುದು ಇನ್ನರ್ಧ. ಅಂಗಡಿಯಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ಅಗ್ಗದ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಒಂದೇ ಮಾತು ಹೇಳುವ ಎರಡು ಫೋಟೊ ಇದ್ದರೆ ಒಂದನ್ನು ತೆಗೆಯಿರಿ. ಉಳಿದವುಗಳಲ್ಲಿ ಒಂದೊಂದನ್ನೇ ಮುಚ್ಚಿ ನೋಡಿ. ಮುಚ್ಚಿದಾಗ ಕಥೆಗೆ ಏನೂ ಆಗದಿದ್ದರೆ ಅದು ಬೇಡ. ನಿಮ್ಮ ಬಿಸಿಲುಕೋಲಿನ ಫೋಟೊ ಇಲ್ಲಿ ಉಳಿಯುವುದು ಅನುಮಾನ. ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಸೇರಿಸಿದ ಫೋಟೊ ಉಳಿದವುಗಳನ್ನೂ ಹಾಳು ಮಾಡುತ್ತದೆ. ದೂರದ್ದು, ನಡುವಿನದ್ದು, ತೀರಾ ಹತ್ತಿರದ್ದು ಮೂರೂ ಇರಲಿ. ಸೊಪ್ಪಿನ ಕರೆ ಹತ್ತಿದ ಬೆರಳೇ ಚೌಕಟ್ಟು ತುಂಬಿದ ಒಂದು ಚಿತ್ರ ಬೇಕೇ ಬೇಕು. ಕ್ಯಾಪ್ಷನ್‌ನಲ್ಲಿ ಫೋಟೊದಲ್ಲಿ ಕಾಣುವುದನ್ನೇ ಮತ್ತೆ ಬರೆಯಬೇಡಿ. ಊರು, ದಿನಾಂಕ, ಕೆ.ಜಿ.ಗೆ ಸಿಕ್ಕ ಬೆಲೆ, ಸೊಪ್ಪಿಗೆ ಮಾಡಿದ ಖರ್ಚು, ಹೀಗೆ ಚಿತ್ರ ಹೇಳಲಾರದ್ದನ್ನು ಬರೆಯಿರಿ. ಬೆಲೆ, ಸಾಲದ ವಿಷಯ ಹಾಕುವ ಮೊದಲು ಅವರನ್ನು ಕೇಳಿ. ಊರಿನಲ್ಲಿ ನಾಳೆಯೂ ತಲೆಯೆತ್ತಿ ಓಡಾಡಬೇಕಾದವರು ಅವರು.

ಕ್ಷಣವನ್ನು ಮರುಸೃಷ್ಟಿಸುವ ಪ್ರಶ್ನೆಗೆ ನನ್ನ ಉತ್ತರ ಖಂಡಿತ ಬೇಡ ಎಂಬುದೇ. ಹುಳ ಚಂದ್ರಿಕೆಗೆ ಬಿಡುವುದನ್ನು ನಿಮಗಾಗಿ ಇನ್ನೊಮ್ಮೆ ಮಾಡಿದರೆ ಆ ಕೈಗಳಲ್ಲಿ ಅವಸರ ಇರುವುದಿಲ್ಲ, ಅದು ಫೋಟೊದಲ್ಲಿ ಗೊತ್ತಾಗುತ್ತದೆ. ನಡೆದೇ ಇಲ್ಲದ್ದನ್ನು ನಡೆಯಿತೆಂದು ತೋರಿಸಿದ ಹಾಗೂ ಆಗುತ್ತದೆ. ತಪ್ಪಿಹೋದರೆ ಮುಂದಿನ ಬೆಳೆಗೆ ಕಾಯಿರಿ, ವರ್ಷಕ್ಕೆ ಹಲವು ಬೆಳೆ ತೆಗೆಯುತ್ತಾರೆ. ಬಾಗಿಲಲ್ಲಿ ನಿಲ್ಲಿಸಿ ತೆಗೆಯುವ ಭಾವಚಿತ್ರದ ಮಾತು ಬೇರೆ. ಅವರು ನಿಮಗಾಗಿ ನಿಂತಿದ್ದಾರೆಂಬುದು ಅದನ್ನು ನೋಡಿದ ಯಾರಿಗೂ ತಿಳಿಯುತ್ತದೆ, ಅದರಲ್ಲಿ ಮುಚ್ಚುಮರೆ ಇಲ್ಲ.

ಲೆನ್ಸ್ ವಿಚಾರಕ್ಕೆ ಬಂದರೆ, ಕ್ಯಾಮೆರಾ ಜೊತೆ ಬಂದ 18–55 ಸಾಕು. ಹುಳು ಮನೆಯ ಮಬ್ಬಿಗೆ 50 ಎಂಎಂ ಎಫ್ 1.8 ಯಾರಾದರೂ ಸ್ನೇಹಿತರ ಹತ್ತಿರ ಇದ್ದರೆ ಕೇಳಿ ಪಡೆಯಿರಿ. ಕೈಯಲ್ಲಿರುವ ದುಡ್ಡನ್ನು ಬಸ್ ಚಾರ್ಜಿಗೆ ಇಟ್ಟುಕೊಳ್ಳಿ, ಆ ಮನೆಗೆ ನೀವು ಪದೇ ಪದೇ ಹೋಗಬೇಕಾಗುತ್ತದೆ. ಪ್ರಿಂಟ್ ಹಾಕಿಸುವಾಗ ಅವರಿಗೂ ಒಂದು ಸೆಟ್ ಹಾಕಿಸಿಕೊಡಿ.